ಘಟ್ಟ ಹತ್ತಿ ಬರುವ ಪಚ್ಚಿಲೆ, ತೋಟದ ಹಸಿರು ಕೆರೆ: ಪಾಚಿ ವಿಷ ಪತ್ತೆ ಮಾಡುವುದು, ದೂರ ಇಡುವುದು ಹೇಗೆ?

ಕೊಡಗಿಗೆ ಸಮುದ್ರ ಇಲ್ಲ. ಆದರೂ ಚಿಪ್ಪುಮೀನಿಗೆ ಇಲ್ಲಿ ಬರಗಾಲ ಇಲ್ಲ. ಮಂಗಳೂರು ಕಡೆಯದು ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ ಹತ್ತುತ್ತದೆ. ಕಣ್ಣೂರು, ಕಾಸರಗೋಡು ಕಡೆಯದು ಇರಿಟ್ಟಿಯಿಂದ ಮಾಕುಟ್ಟ ಘಾಟಿ ಹಿಡಿದು ವಿರಾಜಪೇಟೆಗೆ ಬರುತ್ತದೆ. ಮಂಗಳೂರಿನವರ ಪಚ್ಚಿಲೆ, ಅಂದರೆ ಬಂಡೆಗೆ ಅಂಟಿ ಬೆಳೆಯುವ ಹಸಿರು ಚಿಪ್ಪು, ಮಲಯಾಳ ಮಾತಾಡುವವರಿಗೆ ಕಲ್ಲುಮ್ಮಕಾಯಿ. ಮರುವಾಯಿ ಅದಕ್ಕಿಂತ ಚಿಕ್ಕದು, ಮರಳಲ್ಲಿ ಹೂತಿರುವಂಥದ್ದು. ಹೋಂಸ್ಟೇಗಳು ಹೆಚ್ಚಿದ ಮೇಲೆ ಬೆಂಗಳೂರಿನ ಅತಿಥಿಗಳು ಪಂದಿಕರಿಯ ಜೊತೆ ಇದನ್ನೂ ಕೇಳುತ್ತಾರೆ.

ಇಂಥ ಅಡುಗೆಮನೆ ನಡೆಸುವವರಿಗೆ, ಮನೆಗೆ ತಂದು ತಿನ್ನುವವರಿಗೆ, ತೋಟದ ಕೆರೆಯಲ್ಲಿ ಮೀನು ಸಾಕಿದವರಿಗೆ ಈ ಬರಹ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿಪ್ಪಿನೊಳಗೆ ಸೇರಿಕೊಂಡ ಪಾಚಿ ವಿಷವನ್ನು ಅಡುಗೆಮನೆಯಲ್ಲಿ ತೆಗೆಯಲು ಆಗುವುದಿಲ್ಲ. ಅದು ಹೋಗುವುದಿದ್ದರೆ ಚಿಪ್ಪು ಬೆಳೆಯುವ ನೀರಿನಲ್ಲೇ ಹೋಗಬೇಕು. ಹಾಗಾಗಿ ನಮ್ಮ ಕೈಯಲ್ಲಿರುವ ಕೆಲಸ ಎರಡೇ ಕಡೆ: ಕೊಳ್ಳುವ ಜಾಗದಲ್ಲಿ, ನಮ್ಮದೇ ಕೆರೆಯಲ್ಲಿ.

ವಿಷ ಚಿಪ್ಪಿಗೆ ಹೇಗೆ ಬಂತು?

ಪಚ್ಚಿಲೆ, ಮರುವಾಯಿ ಎಲ್ಲವೂ ನೀರನ್ನು ಸೋಸಿ ಬದುಕುವ ಜೀವಿಗಳು. ಗಂಟೆಗೆ ಲೀಟರ್‌ಗಟ್ಟಲೆ ನೀರು ಒಳಗೆಳೆದು, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ತಿಂದು, ಉಳಿದ ನೀರನ್ನು ಹೊರಗೆ ಬಿಡುತ್ತವೆ. ಆ ಪಾಚಿಗಳಲ್ಲಿ ಬಹುಪಾಲು ನಿರುಪದ್ರವಿ. ಕೆಲವು ಮಾತ್ರ ವಿಷ ತಯಾರಿಸುತ್ತವೆ. ಅಲೆಕ್ಸಾಂಡ್ರಿಯಂ ಜಾತಿಯ ಪಾಚಿಯಿಂದ ಸ್ಯಾಕ್ಸಿಟಾಕ್ಸಿನ್ ಬರುತ್ತದೆ. ಇದು ನರಗಳನ್ನು ಕಟ್ಟಿಹಾಕುತ್ತದೆ, ಕೊನೆಗೆ ಉಸಿರಾಟವನ್ನೂ. ಡೈನೋಫೈಸಿಸ್‌ನಿಂದ ಒಕಡಾಯಿಕ್ ಆಮ್ಲ ಬರುತ್ತದೆ. ಇದು ಭೇದಿ, ವಾಂತಿ ತರಿಸುತ್ತದೆ, ಜೀವ ತೆಗೆಯುವುದಿಲ್ಲ. ಸೂಡೋ-ನಿಟ್ಜ್‌ಸ್ಕಿಯಾದ ಡೊಮೊಯಿಕ್ ಆಮ್ಲ ಮಿದುಳಿಗೇ ಕೈಹಾಕುತ್ತದೆ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಾಕಿದ ಚಿಪ್ಪುಮೀನು ತಿಂದು ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಕೆಲವರ ನೆನಪಿನ ಶಕ್ತಿ ಹೋಗಿ ಮರಳಲೇ ಇಲ್ಲ.

ಪರದೇಶದ ಕಥೆ ಅಂದುಕೊಳ್ಳಬೇಡಿ. 1981ರಲ್ಲಿ ತಮಿಳುನಾಡಿನ ವಾಯಲೂರಿನಲ್ಲಿ ಮರುವಾಯಿ ತಿಂದು 85 ಮಂದಿ ಆಸ್ಪತ್ರೆ ಸೇರಿದರು, ಮೂವರು ಸತ್ತರು. 1983ರ ಏಪ್ರಿಲ್‌ನಲ್ಲಿ ನಮ್ಮ ಮಂಗಳೂರು ಪಕ್ಕದ ಕುಂಬಳೆಯಲ್ಲಿ ಒಬ್ಬ ಹುಡುಗ ಹೋದ. 1997ರ ಸೆಪ್ಟೆಂಬರ್‌ನಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಮಂದಿ ತೀರಿಕೊಂಡರು, ಆಸ್ಪತ್ರೆಗೆ ಹೋದವರು 500ಕ್ಕೂ ಹೆಚ್ಚು. ತಿಂಗಳುಗಳನ್ನು ನೋಡಿ: ಒಂದು ಏಪ್ರಿಲ್, ಇನ್ನೊಂದು ಸೆಪ್ಟೆಂಬರ್. "ಈ ತಿಂಗಳಲ್ಲಿ ತಿಂದರೆ ಏನೂ ಆಗಲ್ಲ" ಎನ್ನುವ ಲೆಕ್ಕವನ್ನು ನಾನು ಈ ಕಾರಣಕ್ಕೇ ನಂಬುವುದಿಲ್ಲ.

ಸಮುದ್ರ ಕೆಂಪಾದರೆ ಮಾತ್ರ ಅಪಾಯ ಎನ್ನುವುದೂ ಸರಿಯಲ್ಲ. ಡೈನೋಫೈಸಿಸ್ ಲೀಟರಿಗೆ ಕೆಲವು ನೂರು ಕಣ ಇದ್ದರೂ ಚಿಪ್ಪಿಗೆ ವಿಷ ಸೇರಬಹುದು. ಅಷ್ಟಕ್ಕೆ ನೀರಿನ ಬಣ್ಣ ಬದಲಾಗುವುದೇ ಇಲ್ಲ. ಇನ್ನು, ನಮ್ಮ ಕರಾವಳಿಯಲ್ಲಿ ರಾತ್ರಿ ನೀಲಿಯಾಗಿ ಮಿನುಗುವ ಅಲೆಯ ಫೋಟೋ ಆಗಾಗ ಮೊಬೈಲಿಗೆ ಬರುತ್ತದೆ ಅಲ್ವಾ? ಅದು ಹೆಚ್ಚಾಗಿ ನಾಕ್ಟಿಲುಕ ಎನ್ನುವ ಸೂಕ್ಷ್ಮಜೀವಿ. ಅದರಿಂದ ಮೀನಿಗೆ ಕಷ್ಟ ಇದೆ, ಆದರೆ ಇಲ್ಲಿ ಹೇಳುತ್ತಿರುವ ವಿಷಗಳು ಅದರವಲ್ಲ.

ಹೆಜ್ಜೆ 1: ತೂಕ ಹಾಕಿಸುವ ಮೊದಲು ಕೇಳಿ

"ಅಣ್ಣಾ, ಎಲ್ಲಿಯದು? ಯಾವತ್ತು ತೆಗೆದದ್ದು? ಹಗ್ಗದ್ದಾ, ಕಲ್ಲಿನದ್ದಾ?"

ಈ ಕೊನೆಯ ಪ್ರಶ್ನೆಗೆ ಬೆಲೆ ಇದೆ. ಕಲ್ಲಿನದ್ದು ಎಂದರೆ ಬಂಡೆಗೆ ಅಂಟಿದ್ದನ್ನು ಕಿತ್ತು ತಂದದ್ದು. ಹಗ್ಗದ್ದು ಎಂದರೆ ಸಾಕಿದ್ದು. ಕಾಸರಗೋಡು ಜಿಲ್ಲೆಯ ಪಡನ್ನ ಕಡೆ ಹಿನ್ನೀರಿನಲ್ಲಿ ಕಂಬ ನೆಟ್ಟು, ಹಗ್ಗಕ್ಕೆ ಮರಿ ಕಟ್ಟಿ ಇಳಿಬಿಡುತ್ತಾರೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಕಟ್ಟಿದ್ದು ಏಪ್ರಿಲ್, ಮೇ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಮಳೆ ಹಿಡಿದರೆ ಹಿನ್ನೀರಿನ ಉಪ್ಪು ಇಳಿದು ಚಿಪ್ಪು ಸಾಯುತ್ತದೆ, ಅದಕ್ಕೆ ಮುಂಚೆಯೇ ತೆಗೆದುಬಿಡುತ್ತಾರೆ. ಹಾಗಾಗಿ ಆಗಸ್ಟ್‌ನಲ್ಲಿ ಯಾರಾದರೂ "ಪಡನ್ನದ್ದು, ಹಗ್ಗದ್ದು, ಇವತ್ತಿನದ್ದು" ಎಂದರೆ ಒಂದು ಸಲ ಯೋಚಿಸಿ.

ಸಾಕಿದ್ದರಲ್ಲಿ ವಿಷ ಇರುವುದಿಲ್ಲ ಎಂದಲ್ಲ. ಕೆನಡಾದಲ್ಲಿ ತಿಂದದ್ದು ಸಾಕಿದ್ದೇ. ಲಾಭ ಬೇರೆ: ಸಾಕಿದ್ದಕ್ಕೆ ಒಂದು ಜಾಗ ಇದೆ, ಒಡೆಯ ಇದ್ದಾನೆ, ಕೊಯ್ಲಿನ ದಿನ ಇದೆ. ಏನಾದರೂ ಆದರೆ ಹಿಂದಕ್ಕೆ ಹೋಗಿ ಕೇಳಬಹುದು. ಹೋಟೆಲ್, ಹೋಂಸ್ಟೇ ನಡೆಸುವವರು ಈ ಮೂರು ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೀನು ಅಂಗಡಿಯವರ ನಂಬರನ್ನೂ. ಎರಡು ಸಾಲಿನ ಕೆಲಸ.

ಉತ್ತರವೇ ಬರದಿದ್ದರೆ? ಅವತ್ತು ಕೋಳಿ ಮಾಡಿ.

ಬಾಯಿ ತೆರೆದ, ತಟ್ಟಿದರೂ ಮುಚ್ಚದ ಚಿಪ್ಪನ್ನು ಬಿಸಾಡುವುದು ಎಲ್ಲರಿಗೂ ಗೊತ್ತು. ಅದು ಸತ್ತಿದೆ, ಕೊಳೆತಿರಬಹುದು, ಬಿಸಾಡಲೇಬೇಕು. ಆದರೆ ಆ ಪರೀಕ್ಷೆಗೂ ಪಾಚಿ ವಿಷಕ್ಕೂ ಸಂಬಂಧ ಇಲ್ಲ. ವಿಷ ತುಂಬಿದ ಚಿಪ್ಪು ಗಟ್ಟಿಮುಟ್ಟಾಗಿ ಬದುಕಿರುತ್ತದೆ. ವಾಸನೆ ಇಲ್ಲ, ರುಚಿಯಲ್ಲಿ ವ್ಯತ್ಯಾಸ ಇಲ್ಲ, ಬಣ್ಣವೂ ಅದೇ.

ಹೆಜ್ಜೆ 2: ಅಡುಗೆಮನೆಯ ಭ್ರಮೆಗಳನ್ನು ಬಿಡಿ

ಬೆಳ್ಳಿ ನಾಣ್ಯ ಹಾಕಿ ಕುದಿಸಿ ಕಪ್ಪಾಗುತ್ತದಾ ನೋಡುವುದು, ಬೆಳ್ಳುಳ್ಳಿ ಜಾಸ್ತಿ ಹಾಕುವುದು, ಅರಿಶಿನ ನೀರಲ್ಲಿ ನೆನೆಸುವುದು, ಯಾವುದರಿಂದಲೂ ಪ್ರಯೋಜನ ಇಲ್ಲ. ಫ್ರೀಜರಿನಲ್ಲಿಟ್ಟರೂ ವಿಷ ಹಾಗೇ ಇರುತ್ತದೆ.

ನಮ್ಮವರು ಕೊಡಗಿನ ಕಪ್ಪು ಹುಳಿ ಕಾಚಂಪುಳಿಯ ಮೇಲೆ ತುಂಬ ನಂಬಿಕೆ ಇಟ್ಟಿದ್ದಾರೆ. ಹುಳಿ ಹಾಕಿದರೆ ಎಲ್ಲ ಸತ್ತುಹೋಗುತ್ತದೆ ಎಂದು. ಪಂದಿಕರಿಗೆ ಕಾಚಂಪುಳಿ ಬೇಕೇ ಬೇಕು, ಒಪ್ಪಿದೆ. ಆದರೆ ಸ್ಯಾಕ್ಸಿಟಾಕ್ಸಿನ್‌ಗೆ ಹುಳಿ ಎಂದರೆ ಆರಾಮ. ಹುಳಿಯಲ್ಲಿ ಅದು ಕೆಡದೆ ಗಟ್ಟಿಯಾಗಿ ನಿಲ್ಲುತ್ತದೆ. ಎಷ್ಟರ ಮಟ್ಟಿಗೆ ಎಂದರೆ, ಪ್ರಯೋಗಾಲಯದಲ್ಲಿ ಮಾಂಸದಿಂದ ಈ ವಿಷವನ್ನು ಹೊರತೆಗೆಯಲು ಬಳಸುವ ಹಳೆಯ ವಿಧಾನವೇ ಇದು: 100 ಗ್ರಾಂ ಮಾಂಸವನ್ನು ಅಷ್ಟೇ ಪ್ರಮಾಣದ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷ ಕುದಿಸುತ್ತಾರೆ. ಕುದಿಸಿದ ಮೇಲೂ ವಿಷ ಉಳಿಯುತ್ತದೆ ಎಂದೇ ಅಲ್ಲಿ ಹಾಗೆ ಮಾಡುವುದು. ನಾವು ಹುಳಿ ಹಾಕಿ ಬೇಯಿಸುವಾಗ ನಡೆಯುವುದೂ ಹೆಚ್ಚುಕಡಿಮೆ ಅದೇ.

ಸ್ವಲ್ಪ ಕಡಿಮೆ ಮಾಡುವ ದಾರಿ ಇಲ್ಲವೇ? ಇದೆ, ಆದರೆ ಅದನ್ನು ನಂಬಿ ಕೂರಬೇಡಿ. ಸ್ಯಾಕ್ಸಿಟಾಕ್ಸಿನ್ ನೀರಿಗೆ ಇಳಿಯುತ್ತದೆ, ಹಾಗಾಗಿ ಬೇಯಿಸಿದ ನೀರನ್ನು ಚೆಲ್ಲಿದರೆ ಒಂದು ಪಾಲು ಹೋಗುತ್ತದೆ. ಆ ನೀರನ್ನೇ ಸಾರಿಗೆ ಹಾಕಿದರೆ ತಟ್ಟೆಗೆ ವಾಪಸ್ ಬಂತು. ಒಕಡಾಯಿಕ್ ಆಮ್ಲ ಇದಕ್ಕೆ ತದ್ವಿರುದ್ಧ. ಅದು ಕೊಬ್ಬಿಗೆ ಅಂಟುವ ವಿಷ. ಬೆಂದಾಗ ಮಾಂಸದ ನೀರು ಹೋಗಿ ತೂಕ ಇಳಿಯುತ್ತದೆ, ವಿಷ ಉಳಿಯುತ್ತದೆ. ಹಾಗಾಗಿ ಗ್ರಾಂ ಲೆಕ್ಕದಲ್ಲಿ ಅದು ಇನ್ನೂ ಹೆಚ್ಚುತ್ತದೆ. ಇದು ಚಿಪ್ಪಿನೊಳಗಿನ ಕಪ್ಪು ಚೀಲದಲ್ಲಿ, ಅಂದರೆ ಜೀರ್ಣಾಂಗದಲ್ಲಿ ಜಾಸ್ತಿ ಇರುತ್ತದೆ. ಪಚ್ಚಿಲೆಯಲ್ಲಿ ಅದನ್ನು ಒಂದೊಂದಾಗಿ ಬಿಡಿಸಿ ತೆಗೆಯುವ ತಾಳ್ಮೆ ಯಾರಿಗಿದೆ? ಸಮುದ್ರದ ಏಡಿಯಲ್ಲಿ ಮಾತ್ರ ಇದು ಸುಲಭ. ಒಳಗಿನ ಹಳದಿ ಭಾಗವನ್ನು ತೆಗೆದುಹಾಕಿ, ಕಾಲು ಮತ್ತು ಬಿಳಿ ಮಾಂಸ ತಿನ್ನಿ. (ಮಳೆಗಾಲದ ಗದ್ದೆ ಏಡಿಗೆ ಈ ಲೆಕ್ಕ ಬೇಡ. ಅಲ್ಲಿ ಕೇಳಬೇಕಾದ ಪ್ರಶ್ನೆ ಗದ್ದೆಗೆ ಯಾವ ಔಷಧಿ ಹೊಡೆದಿದ್ದರು ಎನ್ನುವುದು.)

ಹೆಜ್ಜೆ 3: ಪರೀಕ್ಷೆಗೆ ಕಳಿಸುವುದಾದರೆ

ಅರ್ಧ ಕಿಲೋ ತಂದು ತಿನ್ನುವವರಿಗೆ ಇದು ಬೇಡ. ವಾರವಾರ ತರಿಸುವ ಹೋಟೆಲಿನವರಿಗೆ, ಸರಬರಾಜು ಮಾಡುವವರಿಗೆ ಬೇಕು.

ಹಳೆಯ ಪದ್ಧತಿಯಲ್ಲಿ ಆಮ್ಲದಲ್ಲಿ ಕುದಿಸಿದ ರಸವನ್ನು ಇಲಿಗೆ ಚುಚ್ಚಿ, ಅದು ಎಷ್ಟು ನಿಮಿಷಕ್ಕೆ ಸಾಯುತ್ತದೆ ಎಂದು ನೋಡಿ ವಿಷದ ಪ್ರಮಾಣ ಲೆಕ್ಕ ಹಾಕುತ್ತಿದ್ದರು. ಈಗ ಹೆಚ್ಚಿನ ಕಡೆ ಯಂತ್ರಗಳು ಬಂದಿವೆ. ಲಿಕ್ವಿಡ್ ಕ್ರೊಮ್ಯಾಟೊಗ್ರಫಿ, ಮಾಸ್ ಸ್ಪೆಕ್ಟ್ರೊಮೆಟ್ರಿ ವಿಷವನ್ನು ಬಿಡಿಬಿಡಿಯಾಗಿ ಅಳೆಯುತ್ತವೆ. ಎಲೈಸಾ ಕಿಟ್, ಪಟ್ಟಿ ಪರೀಕ್ಷೆಗಳೂ ಇವೆ. ಬೇಗ ಉತ್ತರ ಕೊಡುತ್ತವೆ, ಆದರೆ ಒಂದು ಪಟ್ಟಿ ಒಂದು ಗುಂಪಿನ ವಿಷವನ್ನು ಮಾತ್ರ ಹಿಡಿಯುತ್ತದೆ. "ನೆಗೆಟಿವ್ ಬಂತು" ಎಂದರೆ ಯಾವುದಕ್ಕೆ ನೆಗೆಟಿವ್ ಎಂದು ಕೇಳಿ.

ವಿಚಾರಿಸಲು ನಮಗೆ ಹತ್ತಿರದ ಜಾಗ ಮಂಗಳೂರಿನ ಮೀನುಗಾರಿಕಾ ಕಾಲೇಜು. ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದೆ. ಮೊದಲು ಫೋನ್ ಮಾಡಿ, ಯಾವ ವಿಷದ ಪರೀಕ್ಷೆ, ಎಷ್ಟು ದಿನ, ಎಷ್ಟು ಹಣ ಎಂದು ಕೇಳಿಕೊಂಡೇ ಕಳಿಸಿ. ಸುಮ್ನೆ "ಚಿಪ್ಪು ಟೆಸ್ಟ್ ಮಾಡಿ" ಎಂದರೆ ಬ್ಯಾಕ್ಟೀರಿಯಾ ನೋಡಿ ವರದಿ ಬರಬಹುದು. ಸ್ಯಾಕ್ಸಿಟಾಕ್ಸಿನ್, ಒಕಡಾಯಿಕ್ ಆಮ್ಲ, ಡೊಮೊಯಿಕ್ ಆಮ್ಲ ಎಂದು ಹೆಸರು ಬರೆದೇ ಕೊಡಿ.

ಒಂದೇ ಮೂಟೆಯ ಬೇರೆ ಬೇರೆ ಕಡೆಯಿಂದ ಆರಿಸಿ, ಚಿಪ್ಪಿನ ಸಮೇತ ಒಂದು ಕಿಲೋ ತೆಗೆದಿಡಿ. ಬಿಡಿಸಿದಾಗ 150 ಗ್ರಾಂ ಮಾಂಸವಾದರೂ ಸಿಗಬೇಕು. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಐಸ್ ನಡುವೆ ಇಟ್ಟು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಳಿಸಿ. ಐಸ್ ಕರಗಿದ ನೀರು ಚಿಪ್ಪಿಗೆ ತಾಗಬಾರದು. ಹೆಪ್ಪುಗಟ್ಟಿಸಿ ಕಳಿಸುವುದಾದರೆ ಕರಗುವಾಗ ಇಳಿದ ರಸವನ್ನೂ ಸೇರಿಸಿ ಪರೀಕ್ಷಿಸಲು ಹೇಳಿ, ವಿಷದ ಒಂದು ಪಾಲು ಆ ರಸಕ್ಕೆ ಇಳಿದಿರುತ್ತದೆ.

ವರದಿ ಓದಲು ಕೋಡೆಕ್ಸ್ ಎನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಗೊತ್ತಿದ್ದರೆ ಸಾಕು. ಒಂದು ಕಿಲೋ ಮಾಂಸದಲ್ಲಿ ಸ್ಯಾಕ್ಸಿಟಾಕ್ಸಿನ್ 0.8 ಮಿಲಿಗ್ರಾಂ, ಒಕಡಾಯಿಕ್ ಆಮ್ಲ 0.16 ಮಿಲಿಗ್ರಾಂ, ಡೊಮೊಯಿಕ್ ಆಮ್ಲ 20 ಮಿಲಿಗ್ರಾಂ. ಇದರ ಮೇಲಿದ್ದರೆ ಆ ಸರಕು ಬೇಡ. ಒಳ್ಳೆಯ ವರದಿ ಬಂದರೂ ಅದು ಆ ಮೂಟೆಗೆ ಮಾತ್ರ. ಮುಂದಿನ ವಾರದ ಮೂಟೆಗೆ ಅದನ್ನೇ ತೋರಿಸುವ ಹಾಗಿಲ್ಲ.

ಹೆಜ್ಜೆ 4: ಸಾಕುವವರು ವಿಷ ತೆಗೆಯುವುದು ಹೇಗೆ ಎಂದು ತಿಳಿದುಕೊಳ್ಳಿ

ತಿಳಿದಿದ್ದರೆ ಮಾರುವವರ ಮಾತನ್ನು ತೂಗಿ ನೋಡಬಹುದು. "ಯುವಿ ನೀರಲ್ಲಿ ಶುದ್ಧ ಮಾಡಿದ್ದು" ಎಂದು ಹೇಳಿದರೆ ಅದು ಒಳ್ಳೆಯದೇ. ಶುದ್ಧ ನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಬಿಟ್ಟರೆ ಮರಳು, ಕೊಳೆ, ಬ್ಯಾಕ್ಟೀರಿಯಾ ಹೊರಗೆ ಹೋಗುತ್ತವೆ. ಪಾಚಿ ವಿಷ ಅಷ್ಟು ಬೇಗ ಹೋಗುವುದಿಲ್ಲ. ಅದಕ್ಕೆ ವಾರಗಳು ಬೇಕು. ಚಿಪ್ಪಿನ ಜಾತಿಯ ಮೇಲೂ ಇದೆ. ಪಚ್ಚಿಲೆಯ ಬಳಗದವು ಬೇಗ ಬಿಡುತ್ತವೆ. ಅಮೆರಿಕದ ಪಶ್ಚಿಮ ತೀರದ ಬಟರ್ ಕ್ಲ್ಯಾಮ್ ಎನ್ನುವ ಮರುವಾಯಿ ವಿಷವನ್ನು ಎರಡು ವರ್ಷದವರೆಗೂ ಹಿಡಿದಿಟ್ಟುಕೊಳ್ಳಬಲ್ಲದು.

ಪಾಚಿ ಎದ್ದಾಗ ಕೊಯ್ಲು ನಿಲ್ಲಿಸಿ, ನೀರು ತಿಳಿಯಾದ ಮೇಲೂ ಪರೀಕ್ಷೆ ಮಾಡಿ, ಮಿತಿಯೊಳಗೆ ಬಂದ ಮೇಲೆ ತೆಗೆಯುವುದೇ ಸಾಕುವವರ ಮುಖ್ಯ ದಾರಿ. ಹಗ್ಗವನ್ನು ಬೇರೆ ಶುದ್ಧ ನೀರಿಗೆ ಸಾಗಿಸುವುದುಂಟು, ಪಾಚಿಯ ಪದರಕ್ಕಿಂತ ಕೆಳಗೆ ಇಳಿಸುವುದೂ ಉಂಟು. ಬಿಸಿಯಿಂದ ವಿಷ ಇಳಿಸುವ ಕಾರ್ಖಾನೆ ವಿಧಾನ ಯೂರೋಪಿನಲ್ಲಿ ಒಂದೇ ಜಾತಿಯ ಚಿಪ್ಪಿಗೆ, ಕಟ್ಟುನಿಟ್ಟಿನ ಷರತ್ತಿನ ಮೇಲೆ ಒಪ್ಪಿಗೆ ಪಡೆದಿದೆ. ಅಲ್ಲೂ ಕೊನೆಗೆ ಪರೀಕ್ಷೆ ಮಾಡಿಯೇ ಮಾರಬೇಕು.

ಹೆಜ್ಜೆ 5: ನಿಮ್ಮ ತೋಟದ ಕೆರೆ

ಇಲ್ಲಿ ಮಾತ್ರ ಚಾವಿ ನಮ್ಮ ಕೈಯಲ್ಲಿದೆ.

ಕಾಫಿ ತೋಟದ ಕೆರೆಗೆ ಏನೇನು ಸೇರುತ್ತದೆ ನೋಡಿ. ಮಳೆಗೆ ತೊಳೆದು ಬಂದ ಗೊಬ್ಬರ, ಕೊಟ್ಟಿಗೆಯ ನೀರು, ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಬಚ್ಚಲು, ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪರ್ ನೀರು. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆಂದು ಸ್ಪ್ರಿಂಕ್ಲರ್ ಹಾಕಿ ನೀರು ಎಳೆದಿರುತ್ತೇವೆ. ಉಳಿದದ್ದು ತಳದ ಸ್ವಲ್ಪ ನೀರು. ಮೇಲೆ ಬಿಸಿಲು, ಅಲುಗಾಟ ಇಲ್ಲ. ನೀಲಿ-ಹಸಿರು ಪಾಚಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಬೇಡ. ಮೈಕ್ರೋಸಿಸ್ಟಿಸ್ ಎನ್ನುವ ಜಾತಿ ಮೈಕ್ರೋಸಿಸ್ಟಿನ್ ಎಂಬ ವಿಷ ಮಾಡುತ್ತದೆ. ಅದರ ಏಟು ಪಿತ್ತಜನಕಾಂಗಕ್ಕೆ.

ಗುರುತು ಹಿಡಿಯಲು ಒಂದು ಕೋಲು ಸಾಕು. ಹಸಿರಾದ ಜಾಗಕ್ಕೆ ಅದ್ದಿ ಎತ್ತಿ. ಕೂದಲಿನಂತೆ ಎಳೆ ಎಳೆಯಾಗಿ ಜೋತುಬಿದ್ದರೆ ಅದು ಸಾಮಾನ್ಯ ಹಸಿರು ಪಾಚಿ. ಪೇಂಟಿನ ಡಬ್ಬಿಗೆ ಅದ್ದಿದಂತೆ ಬಳಿದುಕೊಂಡು ಬಂದರೆ ನೀಲಿ-ಹಸಿರು ಪಾಚಿ ಇರಬಹುದು. ಖಚಿತ ಮಾಡಿಕೊಳ್ಳಲು ಕೈಗವಸು ಹಾಕಿ, ಗಾಜಿನ ಬಾಟಲಿಗೆ ಮುಕ್ಕಾಲು ನೀರು ತುಂಬಿ, ಅಲುಗಿಸದೆ ತಂಪಾದ ಜಾಗದಲ್ಲಿ ರಾತ್ರಿ ಇಡಿ. ಬೆಳಗ್ಗೆ ಹಸಿರೆಲ್ಲ ಮೇಲಕ್ಕೆ ತೇಲಿ ಪದರವಾಗಿದ್ದರೆ ಅನುಮಾನ ಗಟ್ಟಿ. ತಳಕ್ಕೆ ಕೂತಿದ್ದರೆ ಅಷ್ಟು ಗಾಬರಿ ಬೇಡ. ಬೆಳಗ್ಗೆ ಹಸಿರು, ಮಧ್ಯಾಹ್ನ ಕೆಂಪು ಆಗುವ ಕೆನೆ ಬೇರೆ ಜಾತಿಯದು, ಯೂಗ್ಲೀನಾ. ಈ ಪರೀಕ್ಷೆಗಳು ಪಾಚಿಯ ಗುಂಪನ್ನು ಹೇಳುತ್ತವೆ, ವಿಷ ಇದೆಯೇ ಎಂದು ಹೇಳುವುದಿಲ್ಲ. ಗುಂಪು ಗೊತ್ತಾದರೆ ವಿಷ ಇದೆ ಎಂದೇ ನಡೆದುಕೊಳ್ಳುವುದು ಕ್ಷೇಮ.

ಆ ದಿನದಿಂದಲೇ ನಾಯಿ, ದನ ಕೆರೆಗೆ ಇಳಿಯದಂತೆ ನೋಡಿಕೊಳ್ಳಿ. ಗಾಳಿ ಬೀಸುವ ಕಡೆಯ ಮೂಲೆಗೆ ಕೆನೆ ಒತ್ತಿಕೊಂಡು ಬಂದಿರುತ್ತದೆ, ದನ ನೀರು ಕುಡಿಯುವುದೂ ಹೆಚ್ಚಾಗಿ ಅಲ್ಲೇ. ನಾಯಿ ಮೈ ನೆಕ್ಕಿಕೊಂಡರೂ ಸಾಕು, ಗಂಟೆಗಳಲ್ಲಿ ಸಾಯಬಹುದು. ಲೈನ್ ಮನೆಗೆ ಆ ಕೆರೆಯ ನೀರು ಹೋಗುತ್ತಿದ್ದರೆ ನಿಲ್ಲಿಸಿ ಬಾವಿ ಅಥವಾ ಬೋರ್‌ವೆಲ್ ನೀರು ಕೊಡಿ. ಕುದಿಸಿದರೆ ಈ ವಿಷ ಹೋಗುವುದಿಲ್ಲ, ಮನೆಯ ಯುವಿ ಫಿಲ್ಟರೂ ಅದನ್ನು ತೆಗೆಯುವುದಿಲ್ಲ. ಜೀವಮಾನವಿಡೀ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ ಮಾತ್ರ.

ಈಗ ಒಂದು ಎಚ್ಚರಿಕೆ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಎಲ್ಲ ತೋಟದ ಗೋಡೌನಿನಲ್ಲೂ ಇರುತ್ತದೆ. ಎರಡು ಹಿಡಿ ಕೆರೆಗೆ ಹಾಕಿದರೆ ಪಾಚಿ ಸಾಯುತ್ತದೆ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಸಾಯುತ್ತದೆ, ನಿಜ. ಸಾಯುವಾಗ ಒಡೆದು ಒಳಗಿದ್ದ ವಿಷವನ್ನೆಲ್ಲ ಒಂದೇ ಸಲ ನೀರಿಗೆ ಬಿಡುತ್ತದೆ. ಸತ್ತದ್ದು ಕೊಳೆಯುತ್ತಾ ಆಮ್ಲಜನಕ ಎಳೆಯುತ್ತದೆ. ಮೇಲಾಗಿ ಕೊಡಗಿನ ಮೆದು ನೀರಿನಲ್ಲಿ ತಾಮ್ರ ಮೀನಿಗೆ ಇನ್ನೂ ಕಟುವಾಗುತ್ತದೆ. ಮೈಲುತುತ್ತವನ್ನು ಕಾಫಿ ಗಿಡಕ್ಕೇ ಇಡಿ. ಮೀನಿರುವ ಕೆರೆಗೆ ಸುಟ್ಟ ಸುಣ್ಣ ಸುರಿಯುವುದೂ ಬೇಡ.

ಕೆರೆಗೆ ಬರುವ ಗೊಬ್ಬರ, ಸಗಣಿ, ಪಲ್ಪರ್ ನೀರಿನ ದಾರಿಯನ್ನು ಮೊದಲು ಕಟ್ಟಿ. ಮೀನಿನ ಮೇವು ನಿಲ್ಲಿಸಿ. ಮೂಲೆಗೆ ಬಂದ ಕೆನೆಯನ್ನು ಹಳೆ ಪಂಚೆಯಲ್ಲಿ ಇಬ್ಬರು ಹಿಡಿದು ಎಳೆದು ತೆಗೆಯಿರಿ, ಕೈಗವಸು, ಗಂಬೂಟು ಇರಲಿ. ತೆಗೆದದ್ದನ್ನು ದೂರದಲ್ಲಿ ಹೂಳಿ. ತೋಡಿನ ನೀರು ಇದ್ದರೆ ಹರಿಸಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಉಸಿರಿಲ್ಲ ಎಂದರ್ಥ. ಪಂಪ್‌ಸೆಟ್‌ನಿಂದ ನೀರೆತ್ತಿ ವಾಪಸ್ ಕೆರೆಗೇ ಚಿಮ್ಮಿಸಿ. ಆ ಹನಿ ಜನರ ಮುಖಕ್ಕೆ ಬರದಿರಲಿ. ಹಸಿರಾದ ನೀರನ್ನು ಸೊಪ್ಪಿನ ಮಡಿಗೆ ಹಾಕಬೇಡಿ.

ನಿಜವಾದ ಮದ್ದು ಬೇಸಿಗೆಯಲ್ಲಿ ಹೂಳು ತೆಗೆಯುವುದು. ರಂಜಕ ಕೂತಿರುವುದು ಅಲ್ಲೇ. ಆ ಹೂಳು ಕಾಫಿ ಬುಡಕ್ಕೆ ಒಳ್ಳೆಯದು, ಕೂಲಿ ಖರ್ಚಿನ ಒಂದಿಷ್ಟು ಹಾಗೆ ವಾಪಸ್ ಬರುತ್ತದೆ. ತಳ ಒಣಗಿದ್ದಾಗ ಮಣ್ಣು ಪರೀಕ್ಷೆ ಮಾಡಿಸಿ, ಬೇಕಿದ್ದರೆ ಕೃಷಿ ಸುಣ್ಣ ಹಾಕಬಹುದು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ಮೀನುಗಾರಿಕೆ ಇಲಾಖೆಯವರನ್ನು ಕೇಳಿ ಪ್ರಮಾಣ ತಿಳಿದುಕೊಳ್ಳಿ.

ಪಾಚಿ ಎದ್ದಿರುವಾಗ ಮೀನು ಹಿಡಿದು ತಿನ್ನಬೇಡಿ, ಅದರಲ್ಲೂ ನೀರಿನ ಪಾಚಿಯನ್ನೇ ಸೋಸಿ ತಿನ್ನುವ ಬೆಳ್ಳಿಗೆಂಡೆಯನ್ನು. ನೀರು ತಿಳಿಯಾದ ಮೇಲೂ ಎರಡು ಮೂರು ವಾರ ಬಿಡಿ. ಆಮೇಲೆ ಹಿಡಿದರೂ ಕರುಳು, ಪಿತ್ತಜನಕಾಂಗ ಪೂರ್ತಿ ತೆಗೆದು, ಮಾಂಸವನ್ನು ಚೆನ್ನಾಗಿ ತೊಳೆಯಿರಿ. ತೆಗೆದ ಕರುಳು, ಪಿತ್ತಜನಕಾಂಗವನ್ನು ನಾಯಿಗೆ, ಹಂದಿಗೆ ಹಾಕಬೇಡಿ. ಕೆರೆಯ ತಳದಲ್ಲಿ ಸಿಗುವ ಸಿಹಿನೀರಿನ ಚಿಪ್ಪು ಸಮುದ್ರದ್ದರ ಹಾಗೆಯೇ ವಿಷ ಹಿಡಿದಿಡುತ್ತದೆ, ಅಂಥ ವರ್ಷ ಅದರ ಆಸೆ ಬಿಡಿ.

ಹೆಜ್ಜೆ 6: ತಿಂದ ಮೇಲೆ ತುಟಿ ಜುಮ್ಮೆಂದರೆ

ಚಿಪ್ಪು ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ತುಟಿ, ನಾಲಿಗೆ ಜುಮುಜುಮು ಎನ್ನುವುದು, ಅದು ಮುಖ, ಕುತ್ತಿಗೆ, ಬೆರಳಿಗೆ ಹಬ್ಬುವುದು, ಮಾತು ತೊದಲುವುದು, ಕಾಲಿಗೆ ಬಲ ಇಲ್ಲದಾಗುವುದು ಸ್ಯಾಕ್ಸಿಟಾಕ್ಸಿನ್‌ನ ಲಕ್ಷಣ. ಭೇದಿ, ವಾಂತಿ ಮಾತ್ರ ಆದರೆ ಒಕಡಾಯಿಕ್ ಆಮ್ಲ ಇರಬಹುದು, ಮೂರು ದಿನದೊಳಗೆ ಇಳಿಯುತ್ತದೆ. ಯಾವುದು ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ.

ಜುಮ್ಮೆನ್ನುವುದು ಶುರುವಾದ ಕೂಡಲೇ ಹೊರಡಿ. ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಉಸಿರು ನಿಲ್ಲದಂತೆ ಯಂತ್ರದಲ್ಲಿ ಕಾಪಾಡಿದರೆ ದೇಹವೇ ವಿಷವನ್ನು ಹೊರಹಾಕುತ್ತದೆ, ಮೊದಲ ದಿನ ದಾಟಿದವರು ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಬೇಕು. ಭಾಗಮಂಡಲದಿಂದಲೋ ಬಿರುನಾಣಿಯಿಂದಲೋ ಹೊರಟವರು ದಾರಿಯಲ್ಲೇ ಫೋನ್ ಮಾಡಿ ವೆಂಟಿಲೇಟರ್ ಖಾಲಿ ಇದೆಯೇ ಎಂದು ಕೇಳಿಕೊಳ್ಳಿ. 108ಕ್ಕೆ ಕರೆ ಮಾಡುವಾಗ "ಚಿಪ್ಪುಮೀನು ತಿಂದು ತುಟಿ ಮರಗಟ್ಟಿದೆ, ಉಸಿರಿನ ತೊಂದರೆ ಆಗಬಹುದು" ಎಂದೇ ಹೇಳಿ. ಸುಮ್ನೆ "ಫುಡ್ ಪಾಯ್ಸನ್" ಎಂದರೆ ಗ್ಲೂಕೋಸ್ ಹಾಕಿ ಕೂರಿಸಿಬಿಡುವ ಸಾಧ್ಯತೆ ಇದೆ. ರೋಗಿಗೆ ಮಾತು ಬಾರದಿದ್ದರೂ ಪ್ರಜ್ಞೆ ಇರುತ್ತದೆ, ಅವರ ಎದುರು ಕೆಟ್ಟ ಮಾತಾಡಬೇಡಿ.

ಜೊತೆಗೆ ಊಟ ಮಾಡಿದ ಎಲ್ಲರನ್ನೂ, ಏನೂ ಆಗಿಲ್ಲ ಎನ್ನುವವರನ್ನೂ, ಕರೆದುಕೊಂಡು ಹೋಗಿ. ಮಕ್ಕಳನ್ನು ಮೊದಲು. ಉಳಿದ ಚಿಪ್ಪು, ಸಾರು ಇದ್ದರೆ ಚೆಲ್ಲದೆ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಮೇಲೆ ತಾರೀಕು, ಅಂಗಡಿ, ತಿಂದ ಹೊತ್ತು ಬರೆದು, ಆರೋಗ್ಯ ಇಲಾಖೆಯವರು ಬಂದಾಗ ಆ ಡಬ್ಬಿಯನ್ನೂ ಖರೀದಿಯ ಪುಸ್ತಕವನ್ನೂ ಒಟ್ಟಿಗೆ ಕೊಡಿ. ಅದೇ ಮೂಟೆಯ ಚಿಪ್ಪು ಇನ್ನೂ ಯಾವ ಯಾವ ಮನೆಗೆ ಹೋಗಿದೆ ಎಂದು ಅವರು ಹುಡುಕಲು ಶುರು ಮಾಡುವುದು ಅಲ್ಲಿಂದಲೇ.